ಖಾಲಿ ಬಿಟ್ಟ ಒಳಪುಟ

9 ಮಾರ್ಚ್ 2025, ಭಾನುವಾರ

ಬೆಳಿಗ್ಗೆ ಮೇಜಿನ ಮುಂದೆ ಕುಳಿತವಳು ಎದ್ದಾಗ ಸಂಜೆ ಐದು ಗಂಟೆ ದಾಟಿತ್ತು. 20 ಶುಭಾಶಯ ಪತ್ರಗಳನ್ನು ಮುಗಿಸಬೇಕೆಂದು ಹೊರಟಿದ್ದೆ. 15 ಸರಿಯಾಗಿ ಬಂದವು, ಐದು ಮಡಿಕೆಯಲ್ಲೇ ಬಿರಿದವು. ಇವುಗಳಲ್ಲಿ ಯಾವುದನ್ನೂ ನಾನೇ ಬರೆದು ಕಳುಹಿಸುವುದಿಲ್ಲ. ಐದೈದರ ಕಟ್ಟು ಮಾಡಿ, ಜೊತೆಗೆ ಲಕೋಟೆಗಳನ್ನಿಟ್ಟು, ಬೇಕಾದವರಿಗೆ ಬೇಕಾದಾಗ ಬರೆದುಕೊಳ್ಳಲಿ ಎಂದು ಪರಿಚಿತರಿಗೆ ಕೊಟ್ಟುಬಿಡುವುದು ಮೂರು ವರ್ಷಗಳಿಂದ ನಡೆದುಬಂದಿರುವ ಅಭ್ಯಾಸ.

ಐದು ಬಿರಿದದ್ದಕ್ಕೆ ನನ್ನ ಜಿಪುಣತನವೇ ಕಾರಣ. ಚೂರೂ ವ್ಯರ್ಥವಾಗದಂತೆ ದೊಡ್ಡ ಹಾಳೆಯೊಂದನ್ನು ಹೇಗೆ ಹೊಂದಿದರೆ ಹಾಗೆ ಕತ್ತರಿಸಿದ್ದೆನೇ ಹೊರತು ಅದರ ಎಳೆ ಯಾವ ಕಡೆಗಿದೆ ಎಂದು ನೋಡಿರಲಿಲ್ಲ. ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಕಾಗದ ಸಾಗುವ ದಿಕ್ಕಿಗೇ ಮಲಗಿರುತ್ತವೆ; ಆ ದಿಕ್ಕಿನುದ್ದಕ್ಕೆ ಮಡಿಸಿದರೆ ಮಡಿಕೆ ನುಣುಪಾಗಿ ಕೂರುತ್ತದೆ, ಅಡ್ಡಕ್ಕೆ ಮಡಿಸಿದರೆ ನಾರುಗಳೇ ಮುರಿದು ಅಂಚಿನಲ್ಲಿ ಬಿಳಿಯ ಬಿರುಕು ಕಾಣಿಸಿಕೊಳ್ಳುತ್ತದೆ. ತೆಳ್ಳನೆಯ ಕಾಗದದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ಆದರೆ ನಾನು ಬಳಸಿದ್ದು 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ ಹಾಳೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ಯಾವ ಕಡೆಗೆ ಸುಲಭವಾಗಿ ಬಗ್ಗುತ್ತದೆ ಎಂದು ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ.

ಉಳಿದವನ್ನು ಎಚ್ಚರದಿಂದ ಮಾಡಿದೆ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಒಂದೊಂದನ್ನೂ ಮಧ್ಯಕ್ಕೆ ಮಡಿಸಿದರೆ ಸುಮಾರು 105 × 148 ಮಿಲಿಮೀಟರಿನ ಪತ್ರವಾಗುತ್ತದೆ. 114 × 162 ಮಿಲಿಮೀಟರಿನ ಸಿ6 ಲಕೋಟೆಯಲ್ಲಿ ಅದು ಬಿಗಿಯಾಗದೆ, ಅಲುಗಾಡದೆ ಕೂರುತ್ತದೆ. ಮಡಿಸುವ ಮುನ್ನ ಸ್ಕೇಲ್ ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀರೆಳೆಯಬೇಕು. ಆ ಗೀರು ಪತ್ರದ ಹೊರಮೈಗೆ ಬಂದು, ಅದರ ಉಬ್ಬು ಒಳಗೆ ಸೇರಬೇಕು ಎಂಬುದನ್ನು ನಾನು ಬಹಳ ದಿನ ತಲೆಕೆಳಗಾಗಿಯೇ ಮಾಡುತ್ತಿದ್ದೆ.

ಈ ಸಲದ ಪತ್ರಗಳು ನೋಡಲು ತೀರಾ ಸಾಧಾರಣವಾಗಿವೆ: ಮುಖಪುಟದಲ್ಲಿ ಬಣ್ಣದ ಕಾಗದದಿಂದ ಕತ್ತರಿಸಿದ ಎರಡು ಮೂರು ಎಲೆಗಳು, ಅಷ್ಟೇ. ಇದರ ಹಿಂದೆ ಚಿಕ್ಕಮ್ಮ ಇದ್ದಾರೆ. ಹೋದ ವರ್ಷ ಅವರಿಗೆ ಕೊಟ್ಟ ಪತ್ರಗಳಿಗಾಗಿ ನಾನು ವಾರಗಟ್ಟಲೆ ದುಡಿದಿದ್ದೆ. ಪದರಪದರವಾಗಿ ಅಂಟಿಸಿದ ಹೂಗಳು, ದಾರದ ಕುಸುರಿ, ಒಳಗೆಲ್ಲ ಗಾಢ ನೀಲಿ ಕಾಗದ. ತಿಂಗಳುಗಳ ನಂತರ ಅವರ ಮನೆಗೆ ಹೋದಾಗ ಐದೂ ಕಪಾಟಿನಲ್ಲಿ ಹಾಗೆಯೇ ಇದ್ದವು. “ಇಷ್ಟು ಚೆಂದದ್ದರ ಮೇಲೆ ಗೀಚೋಕೆ ಮನಸ್ಸೇ ಬರಲಿಲ್ಲ ಕಣೇ” ಎಂದರು. ನನ್ನ ಮುಖ ನೋಡಿ ಹೇಳದೆ ಉಳಿಸಿದ ಮಾತನ್ನು ನಾನೇ ಆಮೇಲೆ ಕಂಡುಕೊಂಡೆ: ಆ ನೀಲಿಯ ಮೇಲೆ ಅವರ ಪೆನ್ನಿನ ಅಕ್ಷರ ಕಾಣುವುದೇ ಇಲ್ಲ. ಬರೆಯಲೆಂದು ಕೊಟ್ಟ ವಸ್ತುವಿನಲ್ಲಿ ಬರೆಯಲು ಜಾಗವನ್ನೇ ಇಟ್ಟಿರಲಿಲ್ಲ; ಇಡೀ ಪತ್ರವನ್ನು ನಾನೇ ಆಕ್ರಮಿಸಿಕೊಂಡಿದ್ದೆ.

ಲಂಡನ್ನಿನಲ್ಲಿ ಹೆನ್ರಿ ಕೋಲ್ 1843ರಲ್ಲಿ ಅಚ್ಚು ಹಾಕಿಸಿದ, ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರವೆಂದು ಹೆಸರಾದುದರಲ್ಲಿ ಚಿತ್ರದ ಜೊತೆಗೆ ಯಾರಿಗೆ, ಯಾರಿಂದ ಎಂದು ತುಂಬಿಕೊಳ್ಳುವುದಕ್ಕೆ ಖಾಲಿ ಜಾಗ ಬಿಟ್ಟಿದ್ದರು. ಚಿತ್ರ ಬರೆದ ಹಾರ್ಸ್ಲಿಗೆ ಇದ್ದ ಸಂಯಮ ನನಗೆ ಇರಲಿಲ್ಲವಲ್ಲ ಎಂದು ಕತ್ತರಿ ಆಡಿಸುತ್ತಲೇ ನಕ್ಕೆ.

ಹೀಗಾಗಿ ಈ ಬಾರಿ ಒಳಪುಟ ಪೂರ್ತಿ ಬಿಳಿ. “ಹುಟ್ಟುಹಬ್ಬದ ಶುಭಾಶಯಗಳು” ಎಂದು ಕೂಡ ಬರೆಯಲಿಲ್ಲ, ಏಕೆಂದರೆ ಪತ್ರ ಕೈಗೆ ಸಿಗುವ ಹೊತ್ತಿಗೆ ಅವರು ಬರೆಯಬೇಕಾದದ್ದು ಕ್ಷಮಾಪಣೆಯೋ ಸಂತಾಪವೋ ಆಗಿರಬಹುದು. ಮೂರು ಬಗೆಯ ಪೆನ್ನಿನಲ್ಲಿ ಹಾಳೆಯ ಚೂರೊಂದರ ಮೇಲೆ ಬರೆದು ಮಸಿ ಹರಡುವುದಿಲ್ಲ ಎಂದು ಖಚಿತಪಡಿಸಿಕೊಂಡೆ. ಎಲೆಗಳಿಗೆ ನೀರಿನಂಥ ಅಂಟಿನ ಬದಲು ಅಂಟುಕಡ್ಡಿ ಬಳಸಿದೆ. ನೀರು ಹೀರಿದ ನಾರು ಉಬ್ಬಿ ಹಾಳೆ ಸುರುಟಿಕೊಳ್ಳುವ ಕಾಟ ಅದರಲ್ಲಿ ಕಡಿಮೆ. ಆದರೂ ಹದಿನೈದನ್ನೂ ಈಗ ದಪ್ಪ ನಿಘಂಟಿನ ಕೆಳಗೆ ಇಟ್ಟಿದ್ದೇನೆ, ಬೆಳಗಾಗುವವರೆಗೆ ತೆಗೆಯುವುದಿಲ್ಲ.

ಬಿರಿದ ಐದನ್ನು ಎಸೆಯಲು ಮನಸ್ಸಾಗಲಿಲ್ಲ. ಅವುಗಳಲ್ಲೊಂದರಲ್ಲಿ ಚಿಕ್ಕಮ್ಮನಿಗೆ ಪತ್ರ ಬರೆದೆ: ನಾಳೆ ತಲುಪಿಸುವ ಕಟ್ಟಿನಿಂದ ಒಂದನ್ನಾದರೂ ಈ ತಿಂಗಳೊಳಗೆ ಯಾರಿಗಾದರೂ ಕಳುಹಿಸಲೇಬೇಕು, ಅಕ್ಷರ ತಪ್ಪಿದರೆ ಹೊಡೆದುಹಾಕಿ ಮುಂದೆ ಬರೆಯಬೇಕು ಎಂದು. ಲಕೋಟೆಯನ್ನು ಅಂಟಿಸಿದ ಮೇಲೆ, ಪತ್ರದಲ್ಲಿ ನಾನೇ ಎರಡು ಕಡೆ ಹೊಡೆದುಹಾಕಿದ್ದು ನೆನಪಾಯಿತು.