ಹತ್ತು ರೂಪಾಯಿಯ ರಟ್ಟಿನ ಟಿಕೆಟ್

ಆವತ್ತು ಬೆಳಗ್ಗೆ ಆರೂಮುಕ್ಕಾಲಿಗೆ ನಮ್ಮ ಹಾಲ್ಟ್‌ನಲ್ಲಿ ಟಿಕೆಟ್ ಖಾಲಿ ಆಗೋಯ್ತು. ಏಜೆಂಟ್ ಅಣ್ಣ ತಗಡಿನ ಡಬ್ಬಿ ತಲೆಕೆಳಗು ಮಾಡಿ ತೋರಿಸಿದ್ರು, ಒಂದೂ ಇಲ್ಲ. ಕಿಟಕಿ ಮುಂದೆ ಇನ್ನೂ ಮೂವತ್ತು ಜನ ಹತ್ತು ರೂಪಾಯಿ ನೋಟು ಹಿಡ್ಕೊಂಡು ನಿಂತಿದ್ದಾರೆ, ಅತ್ತ ಕಡೆಯಿಂದ ರೈಲಿನ ಹಾರ್ನ್ ಕೇಳಿಸ್ತಿದೆ. ‘ನಾಳೆಯಿಂದ ಯಾರೂ ಟಿಕೆಟ್ ಇಲ್ದೆ ಹತ್ತಬೇಡಿ, ಇಲ್ಲೇ ತಗೊಳ್ಳಿ, ಇಲ್ಲಾಂದ್ರೆ ಸ್ಟೇಷನ್ ಮುಚ್ಚಿಬಿಡ್ತಾರೆ’ ಅಂತ ಹಿಂದಿನ ಸಂಜೆ ಮನೆಮನೆಗೆ ಹೋಗಿ ಹೇಳಿ ಬಂದಿದ್ವಿ. ಜನ ನಮ್ಮ ಮಾತು ಕೇಳಿ ಬಂದಿದ್ರು. ಟಿಕೆಟ್ಟೇ ಇಲ್ಲ.

ನಮ್ಮದು ತುಮಕೂರು-ಬೆಂಗಳೂರು ಲೈನಲ್ಲಿ ಒಂದು ಸಣ್ಣ ಹಾಲ್ಟ್. ಊರ ಹೆಸರು ಬೇಡ, ಯಾಕಂದ್ರೆ ವಿಷಯ ಇನ್ನೂ ಪೂರ್ತಿ ಮುಗಿದಿಲ್ಲ. ಹಾಲ್ಟ್ ಅಂದ್ರೆ ಗೊತ್ತಲ್ಲ, ಸ್ಟೇಷನ್ ಮಾಸ್ಟರ್ ಇರಲ್ಲ, ಸಿಗ್ನಲ್ ಇರಲ್ಲ, ಒಂದು ಹಳದಿ ಬೋರ್ಡು, ಒಂದು ಶೆಡ್ಡು, ಎರಡು ಕಲ್ಲು ಬೆಂಚು, ಪಕ್ಕದಲ್ಲಿ ಹೊಂಗೆ ಮರ. ಪ್ಲಾಟ್‌ಫಾರಂ ನೆಲಕ್ಕೆ ಸಮ, ವಯಸ್ಸಾದವರನ್ನ ಒಳಗಿಂದ ಒಬ್ಬರು ಕೈ ಹಿಡಿದು ಎಳೀಬೇಕು, ಕೆಳಗಿಂದ ಒಬ್ಬರು ಮಂಕರಿ ಎತ್ತಿಕೊಡ್ಬೇಕು, ಇದೆಲ್ಲಾ ಒಂದೇ ನಿಮಿಷದಲ್ಲಿ ಆಗ್ಬೇಕು. ಟಿಕೆಟ್ ಕೊಡೋರೂ ರೈಲ್ವೆ ನೌಕರರಲ್ಲ, ಊರಿನವರೇ, ಕಮಿಷನ್ ಮೇಲೆ. ಅವರು ದೊಡ್ಡ ಸ್ಟೇಷನ್‌ಗೆ ಹೋಗಿ ಕೈಯಿಂದ ದುಡ್ಡು ಕಟ್ಟಿ ಟಿಕೆಟ್ ಕಟ್ಟು ತರ್ಬೇಕು, ಮಾರಿದ್ರೆ ಮಾತ್ರ ಅದು ವಾಪಸ್ ಬರುತ್ತೆ. ಆವತ್ತಿಗೂ ಅದೇ ದಪ್ಪ ರಟ್ಟಿನ ಟಿಕೆಟ್, ಬೆರಳುದ್ದ, ಕಬ್ಬಿಣದ ಮಿಷಿನ್‌ಗೆ ತೂರಿಸಿದ್ರೆ ಟಕ್ ಅಂತ ತಾರೀಕು ಒತ್ತುತ್ತಿತ್ತು. ನಾನು ಚಿಕ್ಕವಳಿದ್ದಾಗ ಆ ಟಕ್ ಶಬ್ದ ಕೇಳೋಕೇ ಅಪ್ಪನ ಜೊತೆ ಕಿಟಕಿ ಹತ್ರ ಹೋಗ್ತಿದ್ದೆ.

ಹದಿನಾಲ್ಕು ವರ್ಷದಿಂದ ನಾನು ಇದೇ ರೈಲಲ್ಲಿ ಮಲ್ಲೇಶ್ವರದ ಒಂದು ಅಂಗಡಿಗೆ ಲೆಕ್ಕ ಬರೆಯೋಕೆ ಹೋಗ್ತಿದೀನಿ. ನನ್ನ ಬೋಗಿಯಲ್ಲಿ ಪೀಣ್ಯದ ಫ್ಯಾಕ್ಟರಿಗೆ ಹೋಗೋ ಹುಡುಗರು, ಯಶವಂತಪುರಕ್ಕೆ ಸೊಪ್ಪು ತಗೊಂಡು ಹೋಗೋರು, ಕಾಲೇಜು ಹುಡುಗಿಯರು, ಆಮೇಲೆ ಸೇವಂತಿಗೆ ಕನಕಾಂಬರ ಕಟ್ಟಿಕೊಂಡೇ ಬರೋ ನಮ್ಮ ಹೂವಿನ ಅಜ್ಜಿ. ರೈಲು ಯಶವಂತಪುರ ಮುಟ್ಟೋ ಹೊತ್ತಿಗೆ ಅಜ್ಜಿ ಕೈಲಿ ಎರಡು ಮಾರು ಹೂವು ರೆಡಿ ಆಗಿರುತ್ತೆ.

ಹೀಗೆ ಎಷ್ಟೋ ವರ್ಷದಿಂದ ನಡ್ಕೊಂಡು ಬಂದಿದ್ದು 2020ರ ಮಾರ್ಚ್‌ನಲ್ಲಿ ನಿಂತೋಯ್ತು. ಲಾಕ್‌ಡೌನ್ ಮುಗಿದು ರೈಲು ವಾಪಸ್ ಬಂದಾಗ ನಂಬರ್ ಮುಂದೆ ಸೊನ್ನೆ ಸೇರಿತ್ತು, ಸ್ಪೆಷಲ್ ಅಂತೆ, ಅದೇ ಬೋಗಿ ಅದೇ ವೇಗ ಆದ್ರೆ ಹತ್ತು ರೂಪಾಯಿ ಟಿಕೆಟ್ ಮೂವತ್ತಾಗಿತ್ತು. ಎಷ್ಟೋ ಸಣ್ಣ ಸ್ಟೇಷನ್‌ಗಳಲ್ಲಿ ಸ್ಟಾಪೇ ತೆಗೆದುಬಿಟ್ಟಿದ್ರು. ನಮ್ಮಲ್ಲಿ ಬೆಳಗ್ಗೆ ಒಂದು ಸಂಜೆ ಒಂದು ಮಾತ್ರ ಉಳ್ಕೊಂಡ್ವು. ದಿನಾ ಅರವತ್ತು ರೂಪಾಯಿ ಕೊಟ್ಟು ಸೊಪ್ಪು ಮಾರೋರು ಓಡಾಡೋಕಾಗುತ್ತಾ, ಒಬ್ಬೊಬ್ರೇ ಬಸ್ಸಿಗೆ ಹೋದ್ರು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫ್ರೀ ಆಯ್ತು, ಅದು ಒಳ್ಳೇದೇ, ನಾನೂ ಓಡಾಡಿದೀನಿ, ಆದ್ರೆ ಬಸ್ ಹಿಡಿಯೋಕೆ ನಮ್ಮೂರಿಂದ ಮೂರು ಕಿಲೋಮೀಟರ್ ಹೈವೇಗೆ ನಡೀಬೇಕು. ಅಲ್ಲಿಂದ ಮುಂದೆ ಪೀಣ್ಯ ಫ್ಲೈಓವರ್ ಮೇಲೆ 2021ರ ಕೊನೆಯಿಂದ ದೊಡ್ಡ ಗಾಡಿ ಬಿಡ್ತಿರಲಿಲ್ಲವಲ್ಲ, ಕೆಳಗಡೆ ಜಾಲಹಳ್ಳಿ ಕ್ರಾಸು ಗೊರಗುಂಟೆಪಾಳ್ಯ ದಾಟೋ ಹೊತ್ತಿಗೆ ಹೂವು ಬಾಡೋಗಿರ್ತಿತ್ತು. 2024ರ ಫೆಬ್ರವರಿಯಲ್ಲಿ ರೈಲು ಟಿಕೆಟ್ ಮತ್ತೆ ಹತ್ತು ರೂಪಾಯಿಗೆ ಇಳಿದಾಗ ಜನ ವಾಪಸ್ ಬಂದ್ರು. ಆದ್ರೆ ವಾಪಸ್ ಬಂದವರು ಟಿಕೆಟ್ ತಗೊಳ್ಳೋ ಅಭ್ಯಾಸ ಬಿಟ್ಟಿದ್ರು, ಕಿಟಕಿ ಎಷ್ಟೋ ದಿನ ಮುಚ್ಚೇ ಇರ್ತಿತ್ತಲ್ಲ, ಯಾರನ್ನ ಬೈಯೋದು.

ಆ ಬೇಸಿಗೆಯಲ್ಲೇ ಸುದ್ದಿ ಬಂದಿದ್ದು. ಹಾಲ್ಟಿನ ಆದಾಯ ಏನೇನೂ ಇಲ್ಲ, ಸ್ಟಾಪ್ ತೆಗೆಯೋ ಯೋಚನೆ ಇದೆ, ಏಜೆನ್ಸಿ ಮುಂದುವರಿಸಲ್ಲ ಅಂತ. ಅರಳಿಕಟ್ಟೆ ಹತ್ರ ಜನ ಸೇರಿದ್ರು. ಕೆಲವರು ರೈಲು ತಡೀಬೇಕು ಅಂದ್ರು. ಜೂನಲ್ಲಿ ತುಮಕೂರು ಎಂಪಿ ಸೋಮಣ್ಣನವರು ರೈಲ್ವೆ ರಾಜ್ಯ ಸಚಿವರಾಗಿದ್ರಲ್ಲ, ಹಾಗಾಗಿ ಒಂದು ಅರ್ಜಿ ಬರೆದು ಮಂತ್ರಿಗಳಿಗೆ ಕೊಟ್ರೆ ಸಾಕು ಅಂತಾನೂ ಕೆಲವರು. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಅರ್ಜಿ ಓದಿದೋರು ಮೊದಲು ಕೇಳೋದು ‘ಎಷ್ಟು ಜನ ಹತ್ತುತ್ತಾರೆ, ಎಷ್ಟು ದುಡ್ಡು ಬರುತ್ತೆ’ ಅಂತ. ಆ ನಂಬರ್ ನಮ್ಮ ಹತ್ರ ಇರಲೇ ಇಲ್ಲ.

ಒಂದು ಸೋಮವಾರ ನಾನು, ಪಿಯುಸಿ ಓದೋ ಇಬ್ಬರು ಹುಡುಗಿಯರು, ನಿವೃತ್ತ ಮೇಷ್ಟ್ರೊಬ್ಬರು, ನಾಲ್ಕು ಜನ ನಿಂತು ಎಣಿಸಿದ್ವಿ. ಬೆಳಗಿನ ರೈಲಿಗೆ ಹತ್ತಿದವರು ನೂರಾ ಮೂವತ್ತೇಳು. ಏಜೆಂಟ್ ಅಣ್ಣನ ಪುಸ್ತಕ ನೋಡಿದ್ರೆ ಆವತ್ತು ಮಾರಿದ್ದು ಹತ್ತೊಂಬತ್ತು ಟಿಕೆಟ್. ನಾನು ಲೆಕ್ಕ ಬರೆದು ಬದುಕೋಳು, ಆ ಎರಡು ಅಂಕಿ ಅಕ್ಕಪಕ್ಕ ಬರೆದಾಗ ಹೊಟ್ಟೆಯಲ್ಲಿ ಏನೋ ಆಯ್ತು. ಉಳಿದವರೆಲ್ಲಾ ಎಲ್ಲಿ ಹೋದ್ರು ಅಂತ ಒಬ್ಬೊಬ್ಬರನ್ನೇ ಕೇಳಿದ್ವಿ. ಕೆಲವರು ಟಿಕೆಟ್ ತಗೊಂಡಿಲ್ಲ. ನನ್ನಂಥ ಪಾಸಿನವರಂತೂ ತುಂಬಾ ಜನ, ಏಜೆಂಟ್ ಹತ್ರ ಪಾಸ್ ಸಿಗಲ್ಲ, ಅದಕ್ಕೆ ಹಿಂದಿನ ದೊಡ್ಡ ಸ್ಟೇಷನ್‌ಗೆ ಹೋಗಿ ಅಲ್ಲಿಂದಾನೇ ಪಾಸ್ ಮಾಡಿಸ್ತಿದ್ವಿ, ಪಾಸ್ ಮೇಲೆ ಆ ಸ್ಟೇಷನ್ ಹೆಸರೇ ಇರ್ತಿತ್ತು. ಹದಿನಾಲ್ಕು ವರ್ಷ ಈ ಕಲ್ಲು ಬೆಂಚಿನ ಮೇಲೆ ಕೂತವಳು ನಾನು, ರೈಲ್ವೆ ಪುಸ್ತಕದಲ್ಲಿ ಒಂದು ದಿನವೂ ಇಲ್ಲಿಂದ ಹತ್ತಿಲ್ಲ.

ಮೇಷ್ಟ್ರು ಒಂದು ಪೇಪರ್ ಕಟಿಂಗ್ ತಂದಿದ್ರು, ತೆಲಂಗಾಣದ ವಾರಂಗಲ್ ಜಿಲ್ಲೆ ನೆಕ್ಕೊಂಡದ್ದು. ಅಲ್ಲಿನ ಜನ ರೈಲಿನ ಸ್ಟಾಪ್ ಉಳಿಸ್ಕೊಳ್ಳೋಕೆ ಚಂದಾ ಎತ್ತಿ ದಿನಾ ಟಿಕೆಟ್ ಕೊಳ್ತಾರಂತೆ, ಪ್ರಯಾಣ ಮಾಡದೇನೇ. ಓದಿ ನನಗೆ ಅವರ ಬಗ್ಗೆ ಗೌರವ ಬಂತು, ಜೊತೆಗೆ ಸಂಕಟಾನೂ ಆಯ್ತು. ನಮಗೆ ಹಾಗೆ ಮಾಡೋ ಅಗತ್ಯಾನೇ ಇರಲಿಲ್ಲ, ನಮ್ಮ ಜನ ದಿನಾ ಹತ್ತುತ್ತಾನೇ ಇದ್ರು. ಹತ್ತೋರೆಲ್ಲಾ ಇಲ್ಲೇ ಟಿಕೆಟ್ ತಗೊಂಡ್ರೆ ಸಾಕಿತ್ತು.

ಅದಕ್ಕೇ ಮನೆಮನೆ ತಿರುಗಿದ್ದು, ಮಾರನೇ ದಿನ ಟಿಕೆಟ್ ಖಾಲಿ ಆಗಿದ್ದು.

ಏಜೆಂಟ್ ಅಣ್ಣ ಆವತ್ತು ಶೆಡ್ಡಿನ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ರು. ‘ನನ್ನ ಕೈಲಿ ಆರುನೂರು ರೂಪಾಯಿ ಇತ್ತಮ್ಮ, ಅಷ್ಟಕ್ಕೇ ತಂದಿದ್ದೆ, ಜಾಸ್ತಿ ಎಲ್ಲಿಂದ ತರ್ಲಿ’ ಅಂದ್ರು. ನಾವು ಊರೆಲ್ಲಾ ಸುತ್ತಿದ್ವಿ, ಅವರ ಹತ್ರ ಬಂಡವಾಳ ಎಷ್ಟಿದೆ ಅಂತ ಕೇಳೇ ಇರಲಿಲ್ಲ. ಟಿಕೆಟ್ ಸಿಗದ ಮೂವತ್ತು ಜನರಲ್ಲಿ ಅರ್ಧ ಜನ ಆವತ್ತು ರೈಲು ಹತ್ತಲಿಲ್ಲ, ನಿನ್ನೆ ಹಾಗೆ ಹೇಳಿದ್ರಲ್ಲ ಅಂತ ಪಾಪ ಹೈವೇ ಕಡೆ ನಡ್ಕೊಂಡು ಹೋದ್ರು. ಮಂಕರಿ ತಲೆ ಮೇಲಿಟ್ಟುಕೊಂಡು ಅವರು ಹೋಗಿದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಸಂಜೆ ವಾಪಸ್ ಬಂದಾಗ ನಮ್ಮ ಬೀದಿಯ ಹೆಂಗಸರ ಸಂಘದವರು ಶೆಡ್ಡಲ್ಲೇ ಕಾಯ್ತಿದ್ರು. ಸಂಘದ ಉಳಿತಾಯದಿಂದ ಐದು ಸಾವಿರ ಕೊಡ್ತೀವಿ, ಬಡ್ಡಿ ಬೇಡ, ಮಾರಿದ ದುಡ್ಡಲ್ಲಿ ಮತ್ತೆ ಟಿಕೆಟ್ ತರ್ಲಿ, ಅಸಲು ಹಾಗೇ ಸುತ್ತುತಾ ಇರ್ಲಿ ಅಂದ್ರು. ಅವರಲ್ಲಿ ಅರ್ಧ ಜನ ಎಂದೂ ರೈಲು ಹತ್ತೋರಲ್ಲ. ಮಕ್ಕಳು ಹತ್ತುತ್ತಾರೆ, ಅಷ್ಟು ಸಾಕಿತ್ತು ಅವರಿಗೆ. ಅಣ್ಣ ಎರಡೂ ಕೈ ಮುಗಿದು ದುಡ್ಡು ತಗೊಂಡ್ರು, ಮಾರನೇ ದಿನಾನೇ ಹೋಗಿ ಕಟ್ಟು ಕಟ್ಟಾಗಿ ಟಿಕೆಟ್ ತಂದ್ರು.

ಆಮೇಲೆ ಒಂದು ತಿಂಗಳು ನಾನು ದಿನಾ ಅರ್ಧ ಗಂಟೆ ಮುಂಚೆ ಹೋಗಿ ಕಿಟಕಿ ಪಕ್ಕ ನಿಲ್ತಿದ್ದೆ. ಹತ್ತಿದವರು, ಮಾರಿದ ಟಿಕೆಟ್, ಪಾಸಿನವರು, ಮೂರು ಕಾಲಂ. ಪಾಸು ಮುಗಿದವರಿಗೆಲ್ಲಾ ಒಂದೇ ಮಾತು, ದೊಡ್ಡ ಸ್ಟೇಷನ್‌ಗೆ ಹೋದ್ರೂ ಪಾಸ್ ಮೇಲೆ ನಮ್ಮ ಹಾಲ್ಟಿನ ಹೆಸರೇ ಹಾಕಿಸಿ ಅಂತ. ಕೌಂಟರಲ್ಲಿ ಒಂದೆರಡು ಸಲ ‘ಎಲ್ಲಿಂದಾದ್ರೇನಮ್ಮ’ ಅಂದ್ರು, ನಾವು ಬಿಡಲಿಲ್ಲ. ಹಾಲ್ಟಿನ ಹೆಸರು ಪ್ರಿಂಟ್ ಆದ ನನ್ನ ಮೊದಲನೇ ಪಾಸ್ ಕೈಗೆ ಬಂದಾಗ ಕಣ್ಣು ತುಂಬಿತು, ಅಪ್ಪ ಇದ್ದಿದ್ರೆ ತೋರಿಸ್ತಿದ್ದೆ.

ತಿಂಗಳ ಕೊನೆಗೆ ಒಬ್ಬ ಇನ್‌ಸ್ಪೆಕ್ಟರ್ ಬಂದ್ರು. ಘೋಷಣೆ ಗೀಷಣೆ ಏನೂ ಕೂಗಲಿಲ್ಲ, ನಾನು ಮೂರು ಕಾಲಮ್ಮಿನ ನೋಟ್‌ಬುಕ್ ಕೊಟ್ಟೆ, ಅವರು ಏಜೆಂಟ್ ಪುಸ್ತಕದ ಜೊತೆ ತಾಳೆ ನೋಡಿದ್ರು. ನಡುವೆ ಅಜ್ಜಿ ‘ಸ್ವಾಮಿ, ಈ ರೈಲು ನಿಂತ್ರೆ ನನ್ನ ಹೂವು ಯಾರಿಗೆ ಬೇಕು’ ಅಂದ್ರು. ಅವರು ಏನೂ ಹೇಳಲಿಲ್ಲ, ನೋಟ್‌ಬುಕ್ಕಿನ ಪುಟಗಳ ಫೋಟೋ ತಗೊಂಡು ಹೋದ್ರು. ಸ್ವಲ್ಪ ದಿನಕ್ಕೆ ಆರ್ಡರ್ ಬಂತು, ಆರು ತಿಂಗಳು ಪ್ರಾಯೋಗಿಕ ನಿಲುಗಡೆ. ಆರು ತಿಂಗಳಾದ ಮೇಲೆ ಮತ್ತೆ ಆರು ತಿಂಗಳು.

ಪ್ರಾಯೋಗಿಕ ಅನ್ನೋ ಪದ ನೋಡಿದಾಗೆಲ್ಲಾ ಎದೆ ಧಸಕ್ ಅನ್ನುತ್ತೆ. 2025ರ ಮೇನಲ್ಲಿ ಕೇರಳದ ಚಿರಕ್ಕಲ್, ವೆಳ್ಳರಕ್ಕಾಡ್ ಸ್ಟೇಷನ್‌ಗಳನ್ನ ಮುಚ್ಚಿದ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಲ್ಲೂ ಯಾರೋ ನನ್ನ ಹಾಗೆ ವರ್ಷಗಟ್ಟಲೆ ಒಂದೇ ಬೆಂಚಿನ ಮೇಲೆ ಕೂತಿದ್ದವರು ಇರ್ತಾರಲ್ಲ ಅಂತ. ಮಾರನೇ ಬೆಳಗ್ಗೆ ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಕಟ್ಟು ತೆಗೆದ್ರು. ಹಳೇ ರಟ್ಟಿನ ಟಿಕೆಟ್‌ಗಳು, ಐವತ್ತೋ ಅರವತ್ತೋ, ಹೂವು ಕಟ್ಟೋ ಬಾಳೆನಾರಲ್ಲಿ ಬಿಗಿಯಾಗಿ ಸುತ್ತಿದ್ರು. ‘ಒಂದೂ ಬಿಸಾಕಿಲ್ಲ ಕಣವ್ವ. ಇನ್ನೂ ಮನೇಲವೆ. ಯಾರಾದ್ರೂ ಬಂದು ಕೇಳುದ್ರೆ ತೋರ್ಸನ ಅಂತ.’