ಅಲ್ಲಿ ನಮ್ಮ ಪಿನ್ ಹಿಡಿಯುತ್ತಾ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಎಲೆಕ್ಟ್ರಿಕಲ್ ಅಂಗಡಿ. ಮಗ ದುಬೈಗೆ ಹೊರಟ, ಮಗಳು ಅಮೆರಿಕಕ್ಕೆ ಹೊರಟಳು ಅಂತ ಅಡಾಪ್ಟರ್ ಕೇಳಿಕೊಂಡು ಬರುವವರು ಈಗ ಜಾಸ್ತಿ.

ನಾನು ಮೊದಲು ಪಿನ್ ನೋಡುವುದಿಲ್ಲ, ಚಾರ್ಜರ್ ಮೇಲಿನ ಸಣ್ಣಕ್ಷರ ಓದುತ್ತೇನೆ. 100-240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಬರೀ ಅಡಾಪ್ಟರ್ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್ ಸಾಮಾನ್ಯವಾಗಿ ಹಾಗೇ ಇರುತ್ತವೆ.

ತಕರಾರೆಲ್ಲ ಮಿಕ್ಸಿಯದ್ದು. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಇಲ್ಲಿಯ ಮಿಕ್ಸಿ ಅಲ್ಲಿ ಸುಮ್ನೆ ಮುಲುಗುತ್ತದೆ, ಚಟ್ನಿ ನುಣ್ಣಗಾಗುವುದಿಲ್ಲ. ಅಲ್ಲಿಯ 120 ವೋಲ್ಟಿನ ಹೇರ್ ಡ್ರೈಯರ್ ಇಲ್ಲಿ ಹಾಕಿದರೆ ಸುಟ್ಟೇ ಹೋದೀತು.

ಪ್ಲಗ್ಗಿನ ಆಕಾರಗಳಿಗೆ ಇಂಗ್ಲಿಷ್ ಅಕ್ಷರದ ಹೆಸರಿದೆ. ದುಬೈ, ಸಿಂಗಾಪುರ, ಲಂಡನ್‌ಗೆ ಟೈಪ್ ಜಿ. ಮೂರು ದಪ್ಪ ಚಪ್ಪಟೆ ಪಿನ್, ಪ್ಲಗ್ಗಿನೊಳಗೇ ಫ್ಯೂಸ್. ಅರ್ಥ್ ಪಿನ್ ಸ್ವಲ್ಪ ಉದ್ದ. ಅದು ಮೊದಲು ಒಳಹೋದರೆ ಉಳಿದೆರಡು ತೂತುಗಳ ಮುಚ್ಚಳ ಸರಿಯುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯದು ನಾನಂತೂ ನೋಡಿಲ್ಲ. ಕತ್ತಲಲ್ಲಿ ಅದನ್ನು ತುಳಿದವರು ಏನಂತಾರೋ, ಅದು ಬೇರೆ ಮಾತು!

ಜರ್ಮನಿಗೆ ಎರಡು ದುಂಡು ಪಿನ್ನಿನ ಟೈಪ್ ಎಫ್. ತೆಳು ಪಿನ್ನಿನ ಟೈಪ್ ಸಿ ಪ್ಲಗ್ಗಿನ ಚಾರ್ಜರ್ (ಮೊಬೈಲಿಗೆ ಚುಚ್ಚುವ ಯುಎಸ್‌ಬಿ ಟೈಪ್-ಸಿ ಅಲ್ಲ) ಅದರಲ್ಲೇ ಕೂರುತ್ತದೆ. ಅಮೆರಿಕಕ್ಕೆ ಟೈಪ್ ಎ, ಬಿ. ಆಸ್ಟ್ರೇಲಿಯಾಕ್ಕೆ ಓರೆ ಪಿನ್ನಿನ ಟೈಪ್ ಐ.

ಹೊರದೇಶದ ಗೆಳೆಯರನ್ನು ಚಿತ್ರದುರ್ಗದ ಕೋಟೆ ತೋರಿಸಲು ಕರೆತರುತ್ತೀರಾ? ಗೋಡೆಯ ಸಣ್ಣ ಮೂರು ತೂತಿನದು ಟೈಪ್ ಡಿ, 6 ಆಂಪ್. ಗೀಸರ್ ಹಾಕುವ ದೊಡ್ಡ ತೂತಿನದು ಟೈಪ್ ಎಂ, 16 ಆಂಪ್. ಇನ್ನೊಂದು, ನಮ್ಮಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್. ಅಮೆರಿಕದವರಿಗೆ ಇದನ್ನು ಮೊದಲೇ ಹೇಳಿಬಿಡಿ.