ವೈದ್ಯೆ ಅಮ್ಮನನ್ನೂ ಕೇಳಿದರು

ಅಂದು ನಾವು ಆಸ್ಪತ್ರೆಗೆ ಹೋಗಿದ್ದು ತಮ್ಮನಿಗಾಗಿ. ಅವನಿಗೆ ತೀವ್ರ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುರೋಗ. ಚಿಕ್ಕಂದಿನಲ್ಲಿ ಮಂಡಿ ಊದಿದಾಗಲೆಲ್ಲ ಅವನಿಗೆ ಕೊಡುತ್ತಿದ್ದ ಫ್ಯಾಕ್ಟರ್ 8 ಎಂಬ ಹೆಪ್ಪುಗಟ್ಟಿಸುವ ಅಂಶ, ಸಾವಿರಾರು ದಾನಿಗಳ ಪ್ಲಾಸ್ಮಾ (ರಕ್ತದ ದ್ರವಭಾಗ) ಕೂಡಿಸಿ ತಯಾರಿಸಿದ್ದು. ಅವರಲ್ಲಿ ಒಬ್ಬರಿಗೆ ಸೋಂಕಿದ್ದರೂ ಸಾಕಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಶಾಖದಿಂದ ವೈರಸ್ ಕೊಲ್ಲುವ ವಿಧಾನ ಬರುವ ಮೊದಲು ಇಂಥ ಔಷಧಿ ಪಡೆದವರಲ್ಲಿ ಬಹುಪಾಲು ಜನರಿಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ ತಗುಲಿತು. ಆ ವೈರಸ್‌ನ ಗುರುತು ಸಿಕ್ಕಿದ್ದೇ 1989ರಲ್ಲಿ. ತಮ್ಮನಿಗೂ ತಗುಲಿತ್ತು, ಮಾತ್ರೆಗಳಿಂದ ವಾಸಿಯೂ ಆಗಿತ್ತು. ಈಗ ಯಕೃತ್ತು ಎಷ್ಟು ಗಡುಸಾಗಿದೆ ಎಂದು ಫೈಬ್ರೋಸ್ಕ್ಯಾನ್‌ನಲ್ಲಿ ನೋಡಬೇಕಿತ್ತು. ರಕ್ತ ಹೆಪ್ಪುಗಟ್ಟದವನ ಯಕೃತ್ತಿಗೆ ಸೂಜಿ ಹಾಕಿ ಚೂರು ತೆಗೆದು ನೋಡುವ ಬಯಾಪ್ಸಿ ಎಂದರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಪಕ್ಕೆಯ ಮೇಲೆ ಉಪಕರಣವಿಟ್ಟು ಅಳೆಯುವ ಈ ಪರೀಕ್ಷೆಯನ್ನು ರೂಪಿಸಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ವರದಿ ಚೆನ್ನಾಗಿತ್ತು. ನಾವು ಏಳುವಷ್ಟರಲ್ಲಿ ವೈದ್ಯೆ ಅಮ್ಮನತ್ತ ತಿರುಗಿ, "ಅಮ್ಮಾ, ನಿಮಗೆ ಎಂದಾದರೂ ರಕ್ತ ಹಾಕಿದ್ದರೇ?" ಎಂದು ಕೇಳಿದರು.

ಹಾಕಿದ್ದರು. ತಮ್ಮನ ಹೆರಿಗೆ ಸುಸೂತ್ರವಾಗಿ ಆಗಿ, ಕೆಲವು ದಿನಗಳ ಮೇಲೆ ಅಮ್ಮನಿಗೆ ವಿಪರೀತ ರಕ್ತಸ್ರಾವವಾಗಿತ್ತು. ಹಿಮೋಫಿಲಿಯಾದ ವಾಹಕಿಯರಲ್ಲಿ, ಅಂದರೆ ಅದರ ಜೀನ್ ಹೊತ್ತ ಹೆಂಗಸರಲ್ಲಿ, ಕೆಲವರಿಗೆ ಫ್ಯಾಕ್ಟರ್ ಕಡಿಮೆಯೇ ಇರುತ್ತದೆ. ಬಸಿರಿನಲ್ಲಿ ಏರಿ ಬಾಣಂತನದಲ್ಲಿ ಇಳಿಯುತ್ತದೆ ಎಂದು ವೈದ್ಯೆ ವಿವರಿಸಿದರು. ನಮ್ಮ ಮನೆಯಲ್ಲಿ ರೋಗಿ ಎಂದರೆ ತಮ್ಮ, ಆರೈಕೆ ಮಾಡುವವಳು ಅಮ್ಮ. ಅವಳ ರಕ್ತವನ್ನು ಪರೀಕ್ಷಿಸಬೇಕೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ.

ಹೆಪಟೈಟಿಸ್ ಸಿ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂತು. ಅಷ್ಟರಿಂದಲೇ ವೈರಸ್ ಈಗಲೂ ಇದೆ ಎನ್ನಲಾಗದು. ಕೆಲವರ ದೇಹ ಅದನ್ನು ತಾನಾಗಿಯೇ ಹೊರಹಾಕಿರುತ್ತದೆ, ಪ್ರತಿಕಾಯ ಮಾತ್ರ ಉಳಿದಿರುತ್ತದೆ. ಆದ್ದರಿಂದ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೂ ಆಯಿತು. ವೈರಸ್ ಇತ್ತು. ಕಾಮಾಲೆಯಿಲ್ಲ, ನೋವಿಲ್ಲ, ವಯಸ್ಸಾಯಿತು ಎಂದುಕೊಂಡಿದ್ದ ಸುಸ್ತೊಂದು ಬಿಟ್ಟರೆ ಏನೂ ಇಲ್ಲ.

ಅಮ್ಮ ಮೊದಲು ಕೇಳಿದ್ದು ತನ್ನ ಬಗ್ಗೆ ಅಲ್ಲ. "ಹಾಗಾದರೆ ಇದೂ ಅವನಿಗೆ ನನ್ನಿಂದಲೇ ಬಂದದ್ದೇ?" ಆ 'ಇದೂ' ನನ್ನ ಎದೆಗೆ ಇರಿಯಿತು. ಹಿಮೋಫಿಲಿಯಾ ತನ್ನಿಂದ ಬಂತೆಂಬ ಕೊರಗು ಅವಳಿಗೆ ಮೊದಲೇ ಇತ್ತು. ವೈದ್ಯೆ ಅವಳ ಕೈ ಹಿಡಿದು, "ನಿಮಗೆ ರಕ್ತ ಹಾಕಿದ್ದು ಅವನು ಹುಟ್ಟಿದ ಮೇಲೆ. ಈ ವೈರಸ್ ಎದೆಹಾಲಿನಿಂದ ಹರಡುವುದಿಲ್ಲ. ಅವನಿಗೆ ಬಂದದ್ದು ಅವನ ಔಷಧಿಯಿಂದ" ಎಂದರು. ಅಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಹನ್ನೆರಡು ವಾರಗಳ ಮಾತ್ರೆಗಳಿಂದ ವೈರಸ್ ಹೋಯಿತು. ಆದರೆ ಯಕೃತ್ತು ಆಗಲೇ ಗಾಯದ ಕಲೆಗಳಿಂದ ಗಡುಸಾಗುವ ಸಿರೋಸಿಸ್ ಹಂತ ಮುಟ್ಟಿದ್ದರಿಂದ, ಕ್ಯಾನ್ಸರ್ ಬಂದರೆ ಬೇಗ ತಿಳಿಯಲೆಂದು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮುಂದುವರಿಯಬೇಕು. ಹತ್ತು ವರ್ಷ ಮೊದಲೇ ಆ ಒಂದು ಪ್ರಶ್ನೆ ಯಾರಾದರೂ ಕೇಳಿದ್ದರೆ!

ಈಗ ಅಮ್ಮ ಚಿಕ್ಕಮ್ಮನ ಬೆನ್ನು ಹತ್ತಿದ್ದಾಳೆ. ಅವರಿಗೂ ಹಿಂದೊಮ್ಮೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಪ್ಲಾಸ್ಮಾ ಹಾಕಿದ್ದರಂತೆ. "ನಾನು ಗಟ್ಟಿಮುಟ್ಟಾಗಿದ್ದೇನಲ್ಲ" ಎನ್ನುತ್ತಾರೆ ಚಿಕ್ಕಮ್ಮ. "ನಾನೂ ಹಾಗೆಯೇ ಇದ್ದೆ" ಎನ್ನುತ್ತಾಳೆ ಅಮ್ಮ. ಪರೀಕ್ಷೆಗೆ ದಿನ ಗೊತ್ತಾಗಿದೆ.